ಪದವಿ ಮೌಲ್ಯಮಾಪನ ಸೇವೆ: ವರದಿಗೆ 5ಕ್ಕೆ 4, ಜೊತೆಗೆ ಮಾರುವ ಕೋಚಿಂಗ್‌ಗೆ 5ಕ್ಕೆ 2

ಕೊಡಗಿನಲ್ಲಿ ಬಿ.ಎಸ್‌ಸಿ, ಎಂ.ಎಸ್‌ಸಿ ಮುಗಿಸಿ ಹೊರದೇಶದ ಔಷಧ ಕಂಪನಿ, ಬಯೋಟೆಕ್ ಅಥವಾ ಡಯಾಗ್ನಾಸ್ಟಿಕ್ ಲ್ಯಾಬ್ ಸೇರಲು ಹೊರಟ ಹೆಣ್ಣುಮಕ್ಕಳು ಸಾಮಾನ್ಯವಾಗಿ ಎರಡು ಕಡೆ ದುಡ್ಡು ಕಟ್ಟುತ್ತಾರೆ. ಮೊದಲನೆಯದು ಪದವಿ ಮೌಲ್ಯಮಾಪನ: ನಿಮ್ಮ ಎಂ.ಎಸ್‌ಸಿ ಆ ದೇಶದ ಯಾವ ಪದವಿಗೆ ಸಮ ಎಂದು ತಿಳಿಸುವ ಕೆಲವೇ ಪುಟದ ವರದಿ. ಎರಡನೆಯದು, ಕೆಲಸ ಸಿಕ್ಕಿ ನಾಲ್ಕೈದು ವರ್ಷವಾದ ಮೇಲೆ ಬಡ್ತಿ ನಿಂತುಹೋದಾಗ ಕೊಳ್ಳುವ ‘ಲೀಡರ್‌ಶಿಪ್ ಕೋಚಿಂಗ್’. ವರದಿ ಹೇಳಿದ ಕೆಲಸವನ್ನು ಮಾಡಿಕೊಡುತ್ತದೆ, ದಾಖಲೆ ಸರಿಯಾಗಿ ಹೋದರೆ ಮಾತ್ರ. ಕೋಚಿಂಗ್‌ಗೆ ಕೊಡುವ ಹಣದಲ್ಲಿ ಮುಕ್ಕಾಲು ಪಾಲು ದಂಡ.

ವರದಿ ಕೊಡುವವರಲ್ಲಿ ಎಲ್ಲರ ಬಾಯಲ್ಲಿರುವ ಹೆಸರು ವೆಸ್, ಅಂದರೆ ವರ್ಲ್ಡ್ ಎಜುಕೇಶನ್ ಸರ್ವೀಸಸ್. 1974ರಲ್ಲಿ ಶುರುವಾದ, ನ್ಯೂಯಾರ್ಕಿನ ಲಾಭರಹಿತ ಸಂಸ್ಥೆ; ಕೆನಡಾದ ಕೆಲಸ ಟೊರಾಂಟೊದಿಂದ ನಡೆಯುತ್ತದೆ. ಕೆನಡಾ ವಲಸೆ ಇಲಾಖೆ ಒಪ್ಪುವ ಸಂಸ್ಥೆಗಳಲ್ಲಿ ಇದೂ ಒಂದು. ಟೊರಾಂಟೊ ವಿಶ್ವವಿದ್ಯಾಲಯದ ಸಿಇಎಸ್, ಐಕಾಸ್ (ICAS), ಐಕ್ಯಾಸ್ (IQAS), ಐಸೆಸ್ (ICES) ಕೂಡ ಆ ಪಟ್ಟಿಯಲ್ಲಿವೆ. ಜರ್ಮನಿಗೆ ಝಡ್‌ಎಬಿ, ಬ್ರಿಟನ್ನಿಗೆ ಎಕ್ಟಿಸ್. ಯಾವ ದೇಶಕ್ಕೆ, ಯಾವ ಉದ್ದೇಶಕ್ಕೆ ಎಂದು ಮೊದಲೇ ಗೊತ್ತುಮಾಡಿಕೊಳ್ಳದೆ ಹಣ ಕಟ್ಟಿದರೆ ಎರಡನೇ ಸಲ ಕಟ್ಟಬೇಕಾಗುತ್ತದೆ. ಕೆನಡಾ ವಲಸೆಗಾಗಿ ಮಾಡಿಸಿದ ವರದಿಯನ್ನು ಅಮೆರಿಕದ ಲೈಸೆನ್ಸ್ ಮಂಡಳಿ ಒಪ್ಪುತ್ತದೆ ಎಂದುಕೊಳ್ಳಬೇಡಿ. ಪದವಿಯ ಮಟ್ಟವನ್ನಷ್ಟೇ ಹೇಳುವ ವರದಿ ಅಗ್ಗ, ಪ್ರತಿ ವಿಷಯದ ಅಂಕ ಮತ್ತು ಕ್ರೆಡಿಟ್ ಬಿಡಿಸಿ ಬರೆಯುವ ವರದಿ ದುಬಾರಿ. ವಲಸೆಗೆ ಮೊದಲನೆಯದು ಸಾಕು. ಮುಂದೆ ಓದುವುದಕ್ಕೆ ಅಥವಾ ಲ್ಯಾಬ್ ಲೈಸೆನ್ಸಿಗೆ ಎರಡನೆಯದೇ ಬೇಕು.

ಈಗ ದಾಖಲೆಗಳ ವಿಷಯ. ವರದಿ ತಡವಾಗುವುದು ನ್ಯೂಯಾರ್ಕಿನಲ್ಲಿ ಅಲ್ಲ, ಇಲ್ಲಿಯೇ.

1980ರಲ್ಲಿ ಮಂಗಳೂರು ವಿಶ್ವವಿದ್ಯಾಲಯ ಆದ ಮೇಲೆ ಮಡಿಕೇರಿ, ಗೋಣಿಕೊಪ್ಪ, ವಿರಾಜಪೇಟೆಯ ಪದವಿ ಕಾಲೇಜುಗಳು ಅದರ ವ್ಯಾಪ್ತಿಗೆ ಬಂದವು. ಚಿಕ್ಕ ಅಳುವಾರದಲ್ಲಿ 2023ರಲ್ಲಿ ಶುರುವಾದ ಕೊಡಗು ವಿಶ್ವವಿದ್ಯಾಲಯಕ್ಕೆ ಹೋಗಿ ಹಳೆಯ ಬ್ಯಾಚಿನ ಟ್ರಾನ್ಸ್‌ಕ್ರಿಪ್ಟ್ (ವಿವಿ ದೃಢೀಕರಿಸಿದ ಅಂಕಪಟ್ಟಿ) ಕೇಳಿ ಪ್ರಯೋಜನವಿಲ್ಲ. ಮಾರ್ಕ್ಸ್ ಕಾರ್ಡಿನ ತಲೆಯ ಮೇಲೆ ಯಾವ ವಿವಿಯ ಹೆಸರಿದೆಯೋ ಅದರ ಪರೀಕ್ಷಾಂಗ ವಿಭಾಗವೇ ದೃಢೀಕರಿಸಿ ಕೊಡಬೇಕು, ಅಂದರೆ ಕೊಣಾಜೆಯ ಮಂಗಳಗಂಗೋತ್ರಿ. ಕಾಲೇಜಿನ ಪ್ರಾಂಶುಪಾಲರ ಸೀಲು, ನೋಟರಿ ಸೀಲು, ಗೆಜೆಟೆಡ್ ಅಧಿಕಾರಿಯ ಸಹಿ ಇಲ್ಲಿ ಲೆಕ್ಕಕ್ಕಿಲ್ಲ. ಪೊನ್ನಂಪೇಟೆ ಅರಣ್ಯ ಕಾಲೇಜಿನವರು ಇನ್ನೂ ಹುಷಾರಾಗಿರಬೇಕು: ಹಳೆಯ ಬ್ಯಾಚುಗಳ ಪದವಿ ಬೆಂಗಳೂರು ಕೃಷಿ ವಿವಿಯದು, ಈಚಿನವರದು ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿವಿಯದು. ಪೊನ್ನಂಪೇಟೆಯದೇ ಎಂಜಿನಿಯರಿಂಗ್ ಕಾಲೇಜಿನವರಿಗೆ ಬೆಳಗಾವಿಯ ವಿಟಿಯು, ವಿರಾಜಪೇಟೆಯ ದಂತ ವೈದ್ಯರಿಗೆ ರಾಜೀವ್ ಗಾಂಧಿ ಆರೋಗ್ಯ ವಿವಿ.

ಪಿಎಚ್‌.ಡಿ ಮಾಡಿದವರು ಎಡವುವ ಜಾಗ ಬೇರೆ. ಮೈಸೂರಿನ ಸಿಎಫ್‌ಟಿಆರ್‌ಐ ಪ್ರಯೋಗಾಲಯದಲ್ಲಿ ಐದು ವರ್ಷ ದುಡಿದಿದ್ದರೂ ಪದವಿ ಕೊಟ್ಟದ್ದು ಮೈಸೂರು ವಿವಿ ಅಥವಾ ಸಿಎಸ್‌ಐಆರ್ ಪ್ರಯೋಗಾಲಯಗಳಿಗೆ ಪದವಿ ಕೊಡುವ ಎಸಿಎಸ್‌ಐಆರ್. ಪದವಿ ಪ್ರದಾನವಾಗಿದೆ ಎಂಬ ಪತ್ರವೂ ಅಲ್ಲಿಂದಲೇ ಬರಬೇಕು. ಪ್ರಯೋಗಾಲಯದ ನಿರ್ದೇಶಕರು ಎಷ್ಟು ಚೆಂದದ ಪತ್ರ ಬರೆದುಕೊಟ್ಟರೂ ಅದು ಶಿಫಾರಸು ಪತ್ರವೇ ಹೊರತು ಪದವಿಯ ದೃಢೀಕರಣವಲ್ಲ.

ಕ್ರಮ ಹೀಗೆ. ಮೊದಲು ವೆಸ್ ತಾಣದಲ್ಲಿ ಅರ್ಜಿ ತುಂಬಿ, ರೆಫರೆನ್ಸ್ ನಂಬರ್ ಪಡೆದು, ಅಂಕಪಟ್ಟಿ ಕೋರುವ ಫಾರ್ಮ್ ಇಳಿಸಿಕೊಳ್ಳಬೇಕು. ಆ ಫಾರ್ಮ್, ಎಲ್ಲ ಸೆಮಿಸ್ಟರಿನ ಅಂಕಪಟ್ಟಿಗಳ ಜೆರಾಕ್ಸ್, ತೋರಿಸಲು ಒರಿಜಿನಲ್, ವಿವಿ ಶುಲ್ಕದ ರಸೀದಿ, ಹೊರದೇಶದಲ್ಲಿರುವ ಅಭ್ಯರ್ಥಿಯ ಸಹಿ ಇರುವ ಅಧಿಕಾರ ಪತ್ರ, ಅವರ ಪಾಸ್‌ಪೋರ್ಟ್ ಪ್ರತಿ, ಅವರ ಪರವಾಗಿ ವಿವಿಗೆ ಹೋದವರ ಗುರುತಿನ ಚೀಟಿ: ಇಷ್ಟು ಒಂದೇ ಫೈಲಿನಲ್ಲಿ ಇರಲಿ. ಫೇಲಾಗಿ ಮತ್ತೆ ಕಟ್ಟಿ ಪಾಸಾದ ಪೇಪರ್ ಇದ್ದರೆ ಎರಡೂ ಸಲದ ಕಾರ್ಡ್ ಇಡಿ. ಮುಚ್ಚಿಟ್ಟರೆ ಪದವಿಗೇನೂ ಕುಂದು ಬರುವುದಿಲ್ಲ, ಸೆಮಿಸ್ಟರ್ ಮೊತ್ತ ತಾಳೆಯಾಗದೆ ಅರ್ಜಿ ನಿಲ್ಲುತ್ತದೆ ಅಷ್ಟೆ. ವಿವಿಯವರು ಪ್ರತಿ ಹಾಳೆಗೂ ಸೀಲು ಹಾಕಿ, ಕವರಿಗೆ ತುಂಬಿ, ಅಂಟಿಸಿದ ಮಡಿಕೆಯ ಮೇಲೆ ಅರ್ಧ ಮಡಿಕೆಗೂ ಅರ್ಧ ಕವರಿಗೂ ಬೀಳುವಂತೆ ಸೀಲು ಒತ್ತಿ ಸಹಿ ಮಾಡಬೇಕು. ಕವರಿನ ಮೇಲೆ ರೆಫರೆನ್ಸ್ ನಂಬರ್ ಕಾಣಬೇಕು. ಪದವಿ ಪ್ರಮಾಣಪತ್ರದ ಸ್ಕ್ಯಾನನ್ನು ಅಭ್ಯರ್ಥಿಯೇ ತಾಣಕ್ಕೆ ಏರಿಸಿದರೆ ಸಾಕು. ವಿವಿಯೇ ಆನ್‌ಲೈನ್‌ನಲ್ಲಿ ನೇರ ಕಳಿಸುವ ವ್ಯವಸ್ಥೆ ಇದ್ದರೆ ಅದನ್ನೇ ಹಿಡಿಯಿರಿ. ಕೊರಿಯರ್ ಖರ್ಚೂ ಇಲ್ಲ, ಕವರಿನ ರಗಳೆಯೂ ಇಲ್ಲ.

ಆ ಕವರನ್ನು ಮನೆಯಲ್ಲಿ ಯಾರೂ ಬಿಚ್ಚಬಾರದು. ಒಳಗೆ ಎಲ್ಲ ಸರಿಯಿದೆಯೇ ಎಂದು ನೋಡುವ ಆಸೆಗೆ ಅಪ್ಪಂದಿರು ಕತ್ತರಿ ಹಾಕಿದರೆ ಮತ್ತೆ ಕೊಣಾಜೆಯೇ ಗತಿ. ಸೀಲಿನ ಮಸಿ ಪೂರ್ತಿ ಒಣಗಿದ ಮೇಲೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ. ಸಂಪಾಜೆ ಘಾಟಿಯ ಮಳೆಗೆ ಮಡಿಕೆಯ ಅಂಟು ಬಿಟ್ಟುಕೊಂಡರೂ, ಸಹಿ ಹರಡಿಕೊಂಡರೂ ವೆಸ್‌ನವರಿಗೆ ಕಾಣುವುದು ತೆರೆದ ಕವರ್ ಮಾತ್ರ.

ಮಳೆಯ ಮಾತು ಬಂದದ್ದರಿಂದ ಲ್ಯಾಮಿನೇಶನ್ ಬಗ್ಗೆಯೂ ಹೇಳಬೇಕು. ಬೂಷ್ಟು ಹಿಡಿಯುತ್ತದೆ ಎಂದು ಕೊಡಗಿನ ಮನೆಗಳಲ್ಲಿ ಮಾರ್ಕ್ಸ್ ಕಾರ್ಡಿಗೆ ಲ್ಯಾಮಿನೇಶನ್ ಮಾಡಿಸಿಡುವುದು ವಾಡಿಕೆ. ಉದ್ದೇಶ ಒಳ್ಳೆಯದು, ಪರಿಣಾಮ ಕೆಟ್ಟದು. ಪ್ಲಾಸ್ಟಿಕ್ಕಿನ ಮೇಲೆ ಸೀಲು ನಿಲ್ಲುವುದಿಲ್ಲ, ಸ್ಕ್ಯಾನ್ ಮಾಡಿದರೆ ಬೆಳಕು ಹೊಳೆದು ಉಬ್ಬು ಸೀಲು ಮಾಯವಾಗುತ್ತದೆ, ಎಂದಾದರೂ ಅಪೊಸ್ಟಿಲ್ (ಹೊರದೇಶದ ಬಳಕೆಗೆ ವಿದೇಶಾಂಗ ಇಲಾಖೆ ಹಾಕುವ ದೃಢೀಕರಣ) ಬೇಕಾಗಿ ಬಂದರೆ ಹಾಳೆಯ ಹಿಂಬದಿ ಸಿಗುವುದಿಲ್ಲ. ಇಸ್ತ್ರಿಪೆಟ್ಟಿಗೆ ಇಟ್ಟು ಬಿಡಿಸಲು ಹೋಗಬೇಡಿ. ಶಾಯಿ ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಬರುತ್ತದೆ. ವಿವಿಯಿಂದ ಡೂಪ್ಲಿಕೇಟ್ ಪಡೆಯುವುದೊಂದೇ ದಾರಿ. ಇನ್ನೂ ಲ್ಯಾಮಿನೇಟ್ ಆಗದ ಕಾಗದ ಇದ್ದರೆ ಜಿಪ್ ಕವರಿನಲ್ಲಿ ಎರಡು ಸಿಲಿಕಾ ಜೆಲ್ ಪೊಟ್ಟಣದ ಜೊತೆ, ನೆಲಕ್ಕೆ ತಾಗದ ಕಪಾಟಿನಲ್ಲಿ ಇಡಿ. ಜೂನ್‌ಗೆ ಮೊದಲು ಪೊಟ್ಟಣ ಬದಲಾಯಿಸಿ.

ಹೆಸರಿನ ಗೊಂದಲ ಕೊಡಗಿನವರಿಗೆ ವಿಶೇಷ. ಕೊಡವ ಹೆಣ್ಣುಮಗಳ ಮಾರ್ಕ್ಸ್ ಕಾರ್ಡಿನಲ್ಲಿ ತವರಿನ ಒಕ್ಕದ, ಅಂದರೆ ಮನೆತನದ, ಹೆಸರಿನ ಮೊದಲಕ್ಷರ, ಆಮೇಲೆ ತನ್ನ ಹೆಸರು, ಕೊನೆಗೆ ಅಪ್ಪನ ಹೆಸರಿನ ಅಕ್ಷರ. ಮದುವೆಯಾದ ಮೇಲೆ ಪಾಸ್‌ಪೋರ್ಟಿನಲ್ಲಿ ಗಂಡನ ಒಕ್ಕ ಬಂದು ಕೂರುತ್ತದೆ, ಅದೂ ಪೂರ್ತಿ ಅಕ್ಷರದಲ್ಲಿ, ಸರ್‌ನೇಮ್ ಕಾಲಂನಲ್ಲಿ. ಓದಿದ್ದು ‘ಪಿ. ಕಾವೇರಮ್ಮ ಸಿ.’, ಅರ್ಜಿ ಹಾಕಿದ್ದು ‘ಕಾವೇರಮ್ಮ’ಳ ಮುಂದೆ ಬೇರೊಂದು ಮನೆತನ. ಕಂಪ್ಯೂಟರಿಗೆ ಇಬ್ಬರೂ ಬೇರೆ ಬೇರೆ. ಅರ್ಜಿಯಲ್ಲಿ ‘ಹಿಂದಿನ ಹೆಸರು’ ಎಂಬ ಕಾಲಂನಲ್ಲಿ ಮಾರ್ಕ್ಸ್ ಕಾರ್ಡಿನಲ್ಲಿ ಇರುವಂತೆಯೇ, ಚುಕ್ಕಿ ಸಮೇತ ಬರೆಯಿರಿ. ಮದುವೆ ನೋಂದಣಿ ಪತ್ರದ ಪ್ರತಿ ಜೊತೆಗಿರಲಿ. ಸಂಶೋಧನಾ ಪ್ರಬಂಧಗಳಲ್ಲಿ ಹೆಸರು ಮೂರು ರೀತಿ ಬಂದಿದ್ದರೆ ಓರ್ಕಿಡ್ ಐಡಿ (ಸಂಶೋಧಕರ ಗುರುತಿನ ಸಂಖ್ಯೆ) ಮಾಡಿಸಿ ಎಲ್ಲವನ್ನೂ ಅದಕ್ಕೆ ಸೇರಿಸಿ. ಪುಕ್ಕಟೆ ಸೇವೆ, ಹತ್ತು ನಿಮಿಷದ ಕೆಲಸ. ಮುಂದೆ ವೀಸಾ ಅರ್ಜಿಯಲ್ಲಿ ಉಲ್ಲೇಖಗಳನ್ನು ಎಣಿಸುವಾಗ ಇದರ ಬೆಲೆ ತಿಳಿಯುತ್ತದೆ.

ಏಜೆಂಟರ ವಿಚಾರ. ಕುಶಾಲನಗರ, ಮೈಸೂರು ಕಡೆ ಟ್ರಾನ್ಸ್‌ಕ್ರಿಪ್ಟ್ ತೆಗೆಸಿಕೊಡುವವರಿದ್ದಾರೆ. ಮನೆಯಲ್ಲಿ ವಯಸ್ಸಾದವರಷ್ಟೇ ಇದ್ದು, ಮಡಿಕೇರಿಯಿಂದ ಕೊಣಾಜೆಗೆ ನೂರಕ್ಕೂ ಹೆಚ್ಚು ಕಿ.ಮೀ., ಘಾಟಿ ಇಳಿದು ಹೋಗಲು ಆಗದಿದ್ದರೆ ಕ್ಯೂ ನಿಲ್ಲುವ ಕೆಲಸಕ್ಕೆ ಅವರಿಗೆ ದುಡ್ಡು ಕೊಡುವುದು ನ್ಯಾಯವೇ. ಆದರೆ ‘ಅಪೊಸ್ಟಿಲ್ ಕಡ್ಡಾಯ’ ಎಂದು ಪ್ರತಿ ಹಾಳೆಗೆ ಬೇರೆ ಬಿಲ್ಲು ಹಾಕಿದರೆ ಎದ್ದು ಬನ್ನಿ. ವೆಸ್ ವರದಿಗೆ ಅಪೊಸ್ಟಿಲ್ ಬೇಕಿಲ್ಲ. ‘ಒಳಗೆ ಹೇಳಿ ಬೇಗ ಮಾಡಿಸುತ್ತೇವೆ’ ಎಂಬುದೂ ಬುರುಡೆ: ದಾಖಲೆಗಳೆಲ್ಲ ತಲುಪಿ, ಒಪ್ಪಿತವಾಗಿ, ಶುಲ್ಕ ಪೂರ್ತಿ ಸಂದಾಯವಾದ ದಿನದಿಂದಲೇ ವೆಸ್‌ನ ದಿನಗಣನೆ ಶುರು.

ಕೈಗೆ ಬಂದ ವರದಿಯಲ್ಲಿ ಏನಿರುತ್ತದೆ? ಕೆನಡಾದ ಲೆಕ್ಕದಲ್ಲಿ ಮೂರು ವರ್ಷದ ಬಿ.ಎಸ್‌ಸಿಗೆ ಸಾಮಾನ್ಯವಾಗಿ ಮೂರು ವರ್ಷದ ಬ್ಯಾಚುಲರ್ ಪದವಿ ಎಂದೇ ಬರುತ್ತದೆ, ಅದರ ಮೇಲಿನ ಎರಡು ವರ್ಷದ ಎಂ.ಎಸ್‌ಸಿಗೆ ಮಾಸ್ಟರ್ಸ್. ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ (ಅಂಕ ನೋಡಿ ಆರಿಸುವ ಕೆನಡಾ ವಲಸೆ ಪದ್ಧತಿ) ಒಂಟಿಯಾಗಿ ಅರ್ಜಿ ಹಾಕುವವರಿಗೆ ಬ್ಯಾಚುಲರ್‌ಗೆ 120 ಅಂಕ, ಮಾಸ್ಟರ್ಸ್‌ಗೆ 135, ಪಿಎಚ್‌.ಡಿಗೆ 150, ಸಂಗಾತಿಯ ಜೊತೆ ಹೋಗುವವರಿಗೆ 112, 126, 140. ವರದಿಯ ಆಯಸ್ಸು ವಲಸೆ ಕೆಲಸಕ್ಕೆ ಐದು ವರ್ಷ. ಆದ್ದರಿಂದ ಪಿಎಚ್‌.ಡಿ ಮುಗಿಯಲು ಆರು ತಿಂಗಳಿರುವಾಗ ಎಂ.ಎಸ್‌ಸಿಗೆ ವರದಿ ಮಾಡಿಸುವ ಅವಸರ ಬೇಡ.

ಅಮೆರಿಕದಲ್ಲಿ ಮೂರು ವರ್ಷದ ಪದವಿ ಈಗಲೂ ಮುಳ್ಳು. ಅದೊಂದನ್ನೇ ಹಿಡಿದು ಉನ್ನತ ಪದವಿಯವರಿಗಿರುವ ಇಬಿ-2 ವರ್ಗದ ಗ್ರೀನ್ ಕಾರ್ಡ್ ಕೇಳಿದರೆ ತಕರಾರು ಬರುತ್ತದೆ, ಮತ್ತು ಮೌಲ್ಯಮಾಪನ ವರದಿ ಏನೇ ಹೇಳಲಿ ವಲಸೆ ಇಲಾಖೆ ಅದನ್ನು ಸಲಹೆ ಎಂದಷ್ಟೇ ಪರಿಗಣಿಸುತ್ತದೆ. ನಾಲ್ಕು ವರ್ಷದ ಅರಣ್ಯ ಪದವಿ, ಎಂಜಿನಿಯರಿಂಗ್ ಪದವಿಯವರಿಗೆ ಈ ತಲೆನೋವಿಲ್ಲ. ಕರ್ನಾಟಕದಲ್ಲಿ 2021ರಲ್ಲಿ ಎನ್‌ಇಪಿ ಅಡಿ ಸೇರಿದವರಿಗೆ ನಾಲ್ಕನೇ ವರ್ಷದ ಆನರ್ಸ್ ಅವಕಾಶ ಇತ್ತು; 2024-25ರಿಂದ ಸರ್ಕಾರ ಮತ್ತೆ ಮೂರು ವರ್ಷಕ್ಕೆ ಬಂದಿದೆ. ಒಂದೇ ಕಾಲೇಜಿನ ಅಕ್ಕ ತಂಗಿಯರಿಗೆ ಬೇರೆ ಬೇರೆ ಫಲಿತಾಂಶ ಬಂದರೆ ಗಾಬರಿಯಾಗಬೇಡಿ. ಪ್ರಾಜೆಕ್ಟ್ ಮ್ಯಾನೇಜ್‌ಮೆಂಟಿನ ಪಿಎಂಪಿ ಪರೀಕ್ಷೆಗೂ ಇದು ತಟ್ಟುತ್ತದೆ: ನಾಲ್ಕು ವರ್ಷದ ಪದವಿ ಅಥವಾ ಅದಕ್ಕೆ ಸಮನೆಂದು ಒಪ್ಪಿತವಾದ ಪದವಿ ಇದ್ದವರಿಗೆ ಯೋಜನೆ ನಡೆಸಿದ 36 ತಿಂಗಳ ಅನುಭವ ಸಾಕು, ಇಲ್ಲದವರಿಗೆ 60 ತಿಂಗಳು.

ಜರ್ಮನಿಗೆ ಹೋಗುವವರು ಹಣ ಕಟ್ಟುವ ಮೊದಲು ಅನಾಬಿನ್ ಎಂಬ ಉಚಿತ ಪಟ್ಟಿಯಲ್ಲಿ ವಿವಿಗೆ ಎಚ್‌ ಪ್ಲಸ್ (ಮಾನ್ಯತೆ ಇದೆ ಎಂಬ ಗುರುತು) ಇದೆಯೇ, ನಿಮ್ಮ ಪದವಿಯ ನಮೂದು ಇದೆಯೇ ನೋಡಿ. ಎರಡೂ ಇದ್ದರೆ ಆ ಪುಟದ ಪ್ರಿಂಟೇ ಹಲವು ಸಲ ಸಾಲುತ್ತದೆ. ಬ್ರಿಟನ್ನಿನ ಎಕ್ಟಿಸ್ ಬಗ್ಗೆ ಹೇಳುವುದು ಕಡಿಮೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ್ದನ್ನು ವೀಸಾಗೆ ದೃಢೀಕರಿಸುವ ಸೇವೆಯೂ ಅಲ್ಲಿಯೇ ಇದೆ ಎಂಬುದು ನೆನಪಿರಲಿ.

ವರದಿಗೆ ಒಂದು ಅಂಕ ಕಡಿಮೆ ಮಾಡಿದ್ದು ಸೇವೆಯ ತಪ್ಪಿನಿಂದಲ್ಲ, ಅದನ್ನು ಎಲ್ಲಿಯವರೆಗೆ ನಂಬಬಹುದು ಎಂಬುದನ್ನು ಮಾರುವವರು ಹೇಳದೇ ಇರುವುದರಿಂದ. ಒಂದು ಕಡೆ ಮಾತ್ರ ಅದು ಮೇಲಿನ ಹುದ್ದೆಗೇ ನೇರ ಬೇಕು: ಕ್ಲಿನಿಕಲ್ ಲ್ಯಾಬ್. ಅಮೆರಿಕದ 1988ರ ಕ್ಲಿಯಾ ಕಾನೂನಿನ ಪ್ರಕಾರ, ಎಂ.ಡಿ ಅಲ್ಲದವರು ಹೆಚ್ಚು ಜಟಿಲ ಪರೀಕ್ಷೆ ನಡೆಸುವ ಲ್ಯಾಬಿನ ನಿರ್ದೇಶಕರಾಗಲು ವಿಜ್ಞಾನದಲ್ಲಿ ಪಿಎಚ್‌.ಡಿ ಮತ್ತು ಮೆಡಿಕಲ್ ಮೈಕ್ರೋಬಯಾಲಜಿ ಅಥವಾ ಕ್ಲಿನಿಕಲ್ ಕೆಮಿಸ್ಟ್ರಿಯಂಥ ಬೋರ್ಡ್ ಪ್ರಮಾಣಪತ್ರ ಬೇಕು. ಹೊರದೇಶದ ಪದವಿಗೆ ಸಮಾನತೆಯ ವರದಿ ಇಲ್ಲದೆ ಆ ದಾರಿ ತೆರೆಯುವುದಿಲ್ಲ. ಸೂಕ್ಷ್ಮಜೀವಿಶಾಸ್ತ್ರ, ಜೀವರಸಾಯನಶಾಸ್ತ್ರ ಓದಿದವರು ಇದನ್ನು ಗಂಭೀರವಾಗಿ ನೋಡಬೇಕು. ಔಷಧ ಕಂಪನಿಯ ಏಣಿಗಿಂತ ಇದು ನೇರ, ಮೆಟ್ಟಿಲು ಎಷ್ಟು ಎಂದು ಮೊದಲೇ ಗೊತ್ತಿರುತ್ತದೆ.

ಔಷಧ ಕಂಪನಿಯ ಏಣಿಯೇ ಬೇರೆ. ಸೈಂಟಿಸ್ಟ್, ಸೀನಿಯರ್ ಸೈಂಟಿಸ್ಟ್, ಪ್ರಿನ್ಸಿಪಲ್ ಸೈಂಟಿಸ್ಟ್, ಅಸೋಸಿಯೇಟ್ ಡೈರೆಕ್ಟರ್, ಡೈರೆಕ್ಟರ್, ಸೀನಿಯರ್ ಡೈರೆಕ್ಟರ್, ವೈಸ್ ಪ್ರೆಸಿಡೆಂಟ್. ಮೊದಲ ಮೂರಕ್ಕೆ ಬೆಂಚಿನ ಕೈಚಳಕ ಸಾಕು. ನಾಲ್ಕನೆಯದರಲ್ಲಿ ಪ್ರಶ್ನೆ ಬದಲಾಗುತ್ತದೆ: ಎಷ್ಟು ಜನ ನಿಮ್ಮ ಕೈಕೆಳಗೆ, ಎಷ್ಟು ಬಜೆಟ್, ಬೇರೆ ವಿಭಾಗದವರು ನಿಮ್ಮ ಮಾತಿನ ಮೇಲೆ ಏನು ನಿರ್ಧರಿಸಿದರು? ವಲಸೆ ಹೋದ ಹೆಣ್ಣುಮಕ್ಕಳು ಸಿಕ್ಕಿಬೀಳುವುದು ಇಲ್ಲಿ. ಕಾರಣ ಪದವಿಯಲ್ಲ. ಎಚ್‌-1ಬಿ ಕೆಲಸದ ವೀಸಾದ ಆರು ವರ್ಷದ ಗಡುವು ಮತ್ತು ಗ್ರೀನ್ ಕಾರ್ಡಿನ ಸರದಿಗೆ ಹೆದರಿ ವಿಭಾಗ ಬದಲಿಸುವುದಿಲ್ಲ, ತಂಡ ಕೇಳುವುದಿಲ್ಲ. ಗಂಡನ ವೀಸಾದ ಮೇಲೆ ಹೋದವರಿಗೆ 2015ರಿಂದ ಕೆಲಸದ ಪರವಾನಗಿ ಸಿಗುವುದೂ ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ ಮೇಲೆಯೇ.

ಕೋಚಿಂಗ್ ಮಾರುವವರು ಇಲ್ಲಿ ಇಬ್ಬರ ಚಿತ್ರ ತೋರಿಸುತ್ತಾರೆ: ಕಟಲಿನ್ ಕರಿಕೊ, ರೇಷ್ಮಾ ಕೇವಲ್‌ರಮಾಣಿ. ಹಂಗೆರಿಯ ಕರಿಕೊ 1985ರಲ್ಲಿ ಫಿಲಡೆಲ್ಫಿಯಾಕ್ಕೆ ಹೋದವರು. 1995ರಲ್ಲಿ ಪೆನ್ಸಿಲ್ವೇನಿಯಾ ವಿವಿಯಲ್ಲಿ ಹಿಂಬಡ್ತಿ, 2013ರಲ್ಲಿ ಬಯೋಎನ್‌ಟೆಕ್‌ಗೆ, ಮುಂದೆ ಅಲ್ಲಿಯ ಹಿರಿಯ ಉಪಾಧ್ಯಕ್ಷೆ, 2023ರಲ್ಲಿ ನೊಬೆಲ್. ಮುಂಬೈಯಲ್ಲಿ ಹುಟ್ಟಿ ಹನ್ನೊಂದನೇ ವಯಸ್ಸಿಗೆ ಅಮೆರಿಕಕ್ಕೆ ಹೋದ ಕೇವಲ್‌ರಮಾಣಿ ಮೂತ್ರಪಿಂಡ ತಜ್ಞೆ. ಆಮ್ಜೆನ್‌ನಲ್ಲಿ ಹನ್ನೆರಡು ವರ್ಷಕ್ಕೂ ಹೆಚ್ಚು ದುಡಿದು 2017ರಲ್ಲಿ ವರ್ಟೆಕ್ಸ್‌ಗೆ, 2018ರಲ್ಲಿ ಮುಖ್ಯ ವೈದ್ಯಾಧಿಕಾರಿ, 2020ರ ಏಪ್ರಿಲ್‌ನಲ್ಲಿ ಸಿಇಒ. ಇಬ್ಬರೂ ದೊಡ್ಡವರು, ಆದರೆ ಮಾದರಿಯಾಗಿ ಒಬ್ಬರಿಗೊಬ್ಬರು ಸಂಬಂಧವಿಲ್ಲ. ಒಬ್ಬರು ಹೊರಗಿನ ಪಿಎಚ್‌.ಡಿಯ ಸಂಶೋಧಕಿ, ವಿವಿ ಬಿಟ್ಟು ಕಂಪನಿ ಸೇರಿದ ಮೇಲೆ ಸ್ಥಾನ ಸಿಕ್ಕಿತು. ಇನ್ನೊಬ್ಬರು ಅಲ್ಲಿಯೇ ವೈದ್ಯಕೀಯ ಓದಿ, ಕಂಪನಿಯೊಳಗೆ ಕ್ಲಿನಿಕಲ್ ಕಡೆಯಿಂದ ಏರಿದವರು. ಕೊಡಗಿನ ಎಂ.ಎಸ್‌ಸಿ ಹುಡುಗಿಗೆ ಎರಡನ್ನೂ ಒಂದೇ ಸ್ಲೈಡಿನಲ್ಲಿ ತೋರಿಸಿದರೆ ಏನು ಕಲಿಯಬೇಕು?

ಹನ್ನೆರಡು ವಾರದ ಇಂಥ ಪ್ಯಾಕೇಜಿನಲ್ಲಿ ಲಿಂಕ್ಡ್‌ಇನ್ ತಿದ್ದುವಿಕೆ, ಅಣಕು ಸಂದರ್ಶನ, ‘ವ್ಯಕ್ತಿತ್ವದ ತೂಕ’ ಎಂಬ ಹೆಸರಿನ ಮೂರು ಪಾಠ. ಉಪಯುಕ್ತವಾದುದು ಅಣಕು ಸಂದರ್ಶನವೊಂದೇ, ಅದೂ ಕೂರುವವರು ಆ ಕ್ಷೇತ್ರದಲ್ಲಿ ಜನರನ್ನು ನೇಮಿಸಿಕೊಂಡವರಾದರೆ. ಸೇರುವ ಮೊದಲು ಕೋಚನ್ನು ಕೇಳಿ: ಹೊಸ ಔಷಧವನ್ನು ಮನುಷ್ಯರ ಮೇಲೆ ಪರೀಕ್ಷಿಸಲು ಹಾಕುವ ಐಎನ್‌ಡಿ ಅರ್ಜಿ ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎಗೆ ಹೋದ ಮೇಲೆ ಎಷ್ಟು ದಿನ ಕಾಯಬೇಕು? 30 ದಿನ ಎಂದು ತಡವರಿಸದೆ ಹೇಳದಿದ್ದರೆ ಆ ಮನುಷ್ಯ ಈ ಉದ್ಯಮದವರಲ್ಲ.

ರೆಸ್ಯೂಮೆ ತಿದ್ದುವುದನ್ನು ಮನೆಯಲ್ಲಿಯೇ ಮಾಡಬಹುದು. ‘ಎಚ್‌ಪಿಎಲ್‌ಸಿ ವಿಧಾನ ಅಭಿವೃದ್ಧಿಪಡಿಸಿದೆ’ ಎಂಬ ಸಾಲು ಸೀನಿಯರ್ ಸೈಂಟಿಸ್ಟಿಗೆ ಸಾಕು. ಅಸೋಸಿಯೇಟ್ ಡೈರೆಕ್ಟರ್‌ಗೆ ಅದೇ ಕೆಲಸವನ್ನು ಹೀಗೆ ಬರೆಯಬೇಕು: ‘ಮೂವರ ತಂಡ ನಡೆಸಿ ವಿಧಾನವನ್ನು ಎರಡು ತಯಾರಿಕಾ ಘಟಕಗಳಿಗೆ ವರ್ಗಾಯಿಸಿದೆ, ವ್ಯಾಲಿಡೇಶನ್ ವರದಿ ಐಎನ್‌ಡಿಯ ಗುಣಮಟ್ಟ ವಿಭಾಗಕ್ಕೆ ಹೋಯಿತು, ಹೊರಗುತ್ತಿಗೆ ಲ್ಯಾಬಿನ ಬಜೆಟ್ ನನ್ನ ಸಹಿಯಲ್ಲಿತ್ತು.’ ತಂಡ ಇಲ್ಲದಿದ್ದರೆ ಸುಳ್ಳು ಬರೆಯಬೇಡಿ. ಮೊದಲು ತಂಡ ಸಿಗುವ ಜಾಗಕ್ಕೆ ಅಡ್ಡ ಸರಿಯಿರಿ: ಸಿಎಂಸಿ (ಔಷಧ ತಯಾರಿಕೆ ಮತ್ತು ನಿಯಂತ್ರಣ), ಗುಣಮಟ್ಟ ಭರವಸೆ, ರೆಗ್ಯುಲೇಟರಿ. ಅಡ್ಡ ಸರಿಯುವುದನ್ನು ಊರಿನವರು ‘ಹುದ್ದೆ ಇಳಿಯಿತಾ?’ ಎಂದು ಕೇಳುತ್ತಾರೆ, ಕೇಳಲಿ ಬಿಡಿ.

ಮಾರ್ಗದರ್ಶಕರು ಬೇಕಾದರೆ 1971ರ ಅಸೋಸಿಯೇಶನ್ ಫಾರ್ ವಿಮೆನ್ ಇನ್ ಸೈನ್ಸ್, 1977ರ ಹೆಲ್ತ್‌ಕೇರ್ ಬಿಸಿನೆಸ್‌ವಿಮೆನ್ಸ್ ಅಸೋಸಿಯೇಶನ್ ಇವೆ. ಕೋಚಿಂಗ್‌ಗೆ ಸುರಿಯುವ ಮೊದಲು ಅಲ್ಲಿ ಸದಸ್ಯತ್ವ ಪಡೆದು ನೋಡಿ.

ಇನ್ನೊಂದು ಅನವಶ್ಯಕ ಖರ್ಚು: ಅಸಾಧಾರಣ ಸಾಧಕರಿಗಿರುವ ಇಬಿ-1ಎ ಗ್ರೀನ್ ಕಾರ್ಡ್ ವರ್ಗಕ್ಕೆ ಪದವಿ ಮೌಲ್ಯಮಾಪನ. ಆ ವರ್ಗ ಪದವಿಯನ್ನೇ ಕೇಳುವುದಿಲ್ಲ. ಹತ್ತು ಮಾನದಂಡಗಳಲ್ಲಿ ಮೂರಾದರೂ ಇರಬೇಕು, ಆಮೇಲೆ ಒಟ್ಟಾರೆ ತೂಕ ನೋಡುತ್ತಾರೆ. ಕಂಪನಿಯ ಗುಟ್ಟಿನಿಂದಾಗಿ ಪ್ರಬಂಧ ಪ್ರಕಟಿಸಲಾಗದವರಿಗೆ ಮುಖ್ಯ ಹುದ್ದೆಯ ನಿರ್ವಹಣೆ, ಹೆಚ್ಚಿನ ಸಂಬಳ, ಇತರರ ಕೆಲಸದ ಪರಿಶೀಲನೆ ಈ ಮೂರು ಹೊಂದುತ್ತವೆ. ಜರ್ನಲ್‌ಗೆ ಪ್ರಬಂಧ ಪರಿಶೀಲಿಸಿದಾಗ ಬರುವ ಧನ್ಯವಾದದ ಇಮೇಲ್ ಅಳಿಸಬೇಡಿ. ಕೆಲಸ ಬಿಟ್ಟರೆ ಆಫೀಸಿನ ಇಮೇಲ್ ಮುಚ್ಚಿಹೋಗುತ್ತದೆ, ಆದ್ದರಿಂದ ಜರ್ನಲ್‌ಗಳಿಗೆ ಸ್ವಂತ ವಿಳಾಸವನ್ನೇ ಕೊಡಿ.

ಕೊನೆಗೆ ಕೊಣಾಜೆಗೆ ಹೋಗುವ ದಿನ. ಜೂನ್‌ನಿಂದ ಆಗಸ್ಟ್‌ವರೆಗೆ ಬೇಡ. ಕಕ್ಕಡ ತಿಂಗಳ ಮಳೆಯಲ್ಲಿ ಘಾಟಿ ರಸ್ತೆ ಯಾವಾಗ ಮುಚ್ಚುತ್ತದೋ ಹೇಳಲಾಗದು, 2018ರ ಆಗಸ್ಟಿನ ಭೂಕುಸಿತ ಯಾರಿಗೂ ಮರೆತಿಲ್ಲ. ಜನವರಿ, ಫೆಬ್ರವರಿಯಲ್ಲಿ ರೋಬಸ್ಟಾ ಕೊಯ್ಲು, ಮನೆಯಿಂದ ಯಾರೂ ಕದಲುವುದಿಲ್ಲ. ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಒಳ್ಳೆಯದು, ದಸರಾ ರಜೆ ಮತ್ತು ಕಾವೇರಿ ಸಂಕ್ರಮಣ ನೋಡಿಕೊಂಡು. ಬೆಳಿಗ್ಗೆ ಬೇಗ ಹೊರಟರೆ ಮಧ್ಯಾಹ್ನದ ಊಟದ ಬಿಡುವಿಗೆ ಮೊದಲು ಅರ್ಜಿ ಕೊಟ್ಟು ರಸೀದಿ ಪಡೆಯಬಹುದು. ರಸೀದಿಯ ಫೋಟೋವನ್ನು ಅಲ್ಲಿಂದಲೇ ಮಗಳಿಗೆ ವಾಟ್ಸ್ಆ್ಯಪ್ ಮಾಡಿ.